ಸ್ಕಾಲರ್‌ಶಿಪ್ ಎಷ್ಟು ಅಂತ ಕೇಳಬೇಡಿ, ಉಳಿದದ್ದು ಎಷ್ಟು ಅಂತ ಕೇಳಿ

(ಅಮೆರಿಕದ ಒಂದು ಕನ್ನಡ ಕೂಟದಲ್ಲಿ, ಹೈಸ್ಕೂಲ್ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಕಾಲೇಜು ಸಲಹೆಗಾರ್ತಿ ಅಲ್ಲ. ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸಿದ ಅಮ್ಮ. ಮೊದಲನೆಯವಳ ಸಲ ಕಣ್ಣು ಮುಚ್ಚಿಕೊಂಡು ನಡೆದೆ. ಎರಡನೆಯವನ ಸಲ ಎಕ್ಸೆಲ್ ಶೀಟ್ ಇಟ್ಟುಕೊಂಡು ಕೂತೆ. ಇವತ್ತಿನ ಮಾತು ಆ ಎಕ್ಸೆಲ್ ಶೀಟಿನದು.

ಮಗಳಿಗೆ ಒಂದು ಖಾಸಗಿ ಕಾಲೇಜಿನಿಂದ ಪತ್ರ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಮುದ್ರೆ. 'ಅಭಿನಂದನೆ, ನಿನಗೆ ವರ್ಷಕ್ಕೆ 28,000 ಡಾಲರ್ ಸ್ಕಾಲರ್‌ಶಿಪ್' ಎಂದಿತ್ತು. ಮನೆಯಲ್ಲಿ ಹಬ್ಬ. ಊರಿಗೆ ಫೋನ್ ಮಾಡಿ ಹೇಳಿದೆವು, ಅಕ್ಕಪಕ್ಕದವರಿಗೆ ಸಿಹಿ ಹಂಚಿದೆವು. ಅದೇ ವಾರ ನಮ್ಮ ರಾಜ್ಯದ ಯೂನಿವರ್ಸಿಟಿಯಿಂದಲೂ ಪತ್ರ ಬಂತು. ಅದರಲ್ಲಿ ಬರೀ 6,000. ಅದನ್ನು ಫ್ರಿಜ್ ಮೇಲೆ ಎಸೆದೆ.

ಎರಡು ದಿನ ಆದ ಮೇಲೆ ನಮ್ಮ ಯಜಮಾನರು ಕೇಳಿದರು, 'ಅಲ್ಲ ಕಣೇ, ಒಟ್ಟು ಖರ್ಚು ಎಷ್ಟು?' ಖಾಸಗಿ ಕಾಲೇಜಿನ ಒಟ್ಟು ಖರ್ಚು 74,000. ಸ್ಕಾಲರ್‌ಶಿಪ್ ಕಳೆದರೆ ನಾವು ಕೊಡಬೇಕಾದ್ದು 46,000. ರಾಜ್ಯದ ಯೂನಿವರ್ಸಿಟಿಯ ಒಟ್ಟು ಖರ್ಚು 29,000. ಕಳೆದರೆ 23,000. ಅಂದರೆ ನಾವು ಎರಡು ದಿನ ಸಿಹಿ ಹಂಚಿದ್ದು 46,000 ಡಾಲರ್ ಬಿಲ್ಲಿಗೆ!

ಆಷಾಢದ ಸೀರೆ ಡಿಸ್ಕೌಂಟ್ ನೋಡಿ ಬೆಳೆದವಳು ನಾನು. ಐವತ್ತು ಪರ್ಸೆಂಟ್ ಕಡಿತ ಅಂದರೆ ಮೊದಲು ಸೀರೆಗೆ ಅಂಟಿಸಿದ ಚೀಟಿ ತಿರುಗಿಸಿ ನೋಡಬೇಕು ಅಂತ ಗೊತ್ತಿದ್ದವಳು. ಆದರೂ ಬಂಗಾರದ ಮುದ್ರೆ ನೋಡಿ ಮರೆತೆ. ಅಮೆರಿಕದ ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಟ್ಯೂಷನ್‌ನಲ್ಲಿ, ಅಂದರೆ ಕಾಲೇಜಿನ ಪಾಠದ ಫೀಸಿನಲ್ಲಿ, ಸರಾಸರಿ ಅರ್ಧಕ್ಕಿಂತ ಜಾಸ್ತಿ ಕಡಿತ ಕೊಡುತ್ತವೆ. ಮುದ್ರಿತ ಬೆಲೆ ಪೂರ್ತಿ ಕೊಡುವವರು ಕಡಿಮೆ. ಹಾಗಾಗಿ ದೊಡ್ಡ ಸ್ಕಾಲರ್‌ಶಿಪ್ ಅಂದರೆ ಕಾಲೇಜಿನದು ಕೊಡುಗೈ ಅಂತ ಅಲ್ಲ. ಕೊನೆಗೆ ನಮ್ಮ ಜೇಬಿನಿಂದ ಹೋಗುವುದು ಎಷ್ಟು, ಅದೊಂದೇ ಲೆಕ್ಕ. ಇಲ್ಲಿನವರು ಅದಕ್ಕೆ ನೆಟ್ ಪ್ರೈಸ್ ಅನ್ನುತ್ತಾರೆ.

ಕಾಲೇಜು ಕೊಡುವ ದುಡ್ಡಿನಲ್ಲಿ ಎರಡು ಜಾತಿ. ಒಂದು, ನಿಮ್ಮ ಮನೆಯ ಅಗತ್ಯ ನೋಡಿ ಕೊಡುವುದು. ಇನ್ನೊಂದು, ಮಗುವಿನ ಅಂಕ, ಪ್ರತಿಭೆ ನೋಡಿ ಕೊಡುವುದು, ಅಂದರೆ ಮೆರಿಟ್. ನಮ್ಮವರು ಎರಡನ್ನೂ ಕಲಸಿಬಿಡುತ್ತಾರೆ. 'ನನ್ನ ಮಗ ಕ್ಲಾಸಿಗೇ ಫಸ್ಟ್, ಹಾರ್ವರ್ಡ್ ಸ್ಕಾಲರ್‌ಶಿಪ್ ಕೊಡುತ್ತೆ' ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ಹಾರ್ವರ್ಡ್ ಕೂಡ ಸೇರಿದ ಐವಿ ಲೀಗ್‌ನ ಎಂಟು ಕಾಲೇಜುಗಳಲ್ಲಿ ಒಂದೂ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಲ್ಲಿಗೆ ಬರುವವರೆಲ್ಲ ಕ್ಲಾಸಿಗೆ ಫಸ್ಟೇ. ಅಲ್ಲಿ ದುಡ್ಡು ಸಿಗುವುದು ಮನೆಯ ಅಗತ್ಯಕ್ಕೆ ಮಾತ್ರ.

ಅಗತ್ಯ ಅಂದರೆ ಎಷ್ಟು? ಒಟ್ಟು ಖರ್ಚಿನಿಂದ, ನಿಮ್ಮ ಮನೆ ಕೊಡಬಲ್ಲದು ಅಂತ ಫಾರ್ಮುಲಾ ಹೇಳುವ ಮೊತ್ತ ಕಳೆದರೆ ಉಳಿಯುವುದೇ ಅಗತ್ಯ. ಏಡ್‌ಗೆ, ಅಂದರೆ ನೆರವಿಗೆ, ಹಾಕುವ ಸರ್ಕಾರದ ಅರ್ಜಿ ಫ್ಯಾಫ್ಸಾ. ಅದಕ್ಕೆ ಫೀಸ್ ಇಲ್ಲ. ಮನೆ ಕೊಡಬಲ್ಲದು ಅಂತ ಅದರಿಂದ ಬರುವ ಸಂಖ್ಯೆಗೆ 2024-25ರಿಂದ ಸ್ಟೂಡೆಂಟ್ ಏಡ್ ಇಂಡೆಕ್ಸ್ ಅಂತ ಹೆಸರು. ಬಹಳಷ್ಟು ಖಾಸಗಿ ಕಾಲೇಜುಗಳು ಇದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಅದು ಮನೆಯ ಮೂಲೆ ಮೂಲೆ ಕೆದಕುತ್ತದೆ. ಅತ್ತೆ ಕೂಡ ಅಷ್ಟು ಕೇಳಿರಲಿಲ್ಲ!

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಎರಡು ಕಾಲೇಜು, ಎರಡರಲ್ಲೂ ವರ್ಷದ ಖರ್ಚು 85,000. ನಿಮ್ಮ ಮನೆ 20,000 ಕೊಡಬಲ್ಲದು ಅಂತ ಲೆಕ್ಕ ಬಂತು. ಅಗತ್ಯ 65,000. ಮೊದಲ ಕಾಲೇಜು ಅಗತ್ಯವನ್ನು ಪೂರ್ತಿ ತುಂಬುತ್ತದೆ, ಅದೂ ಗ್ರಾಂಟ್ ರೂಪದಲ್ಲೇ, ಅಂದರೆ ವಾಪಸ್ ಕೊಡಬೇಕಿಲ್ಲದ ದುಡ್ಡು. ನೀವು ಕೊಡುವುದು 20,000. ಎರಡನೆಯದು ಅಗತ್ಯದ ನೂರಕ್ಕೆ ಎಪ್ಪತ್ತು ಮಾತ್ರ ತುಂಬುತ್ತದೆ. ಪತ್ರದಲ್ಲಿ 'ನಿಮಗೆ 45,500 ಡಾಲರ್ ಅವಾರ್ಡ್' ಅಂತ ಇರುತ್ತದೆ. ಬಿಡಿಸಿ ನೋಡಿದರೆ ಅದರಲ್ಲಿ 5,500 ಸಾಲ. 3,000 ವರ್ಕ್-ಸ್ಟಡಿ, ಅಂದರೆ ಮಗು ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ದುಡಿದು ಸಂಪಾದಿಸಬೇಕಾದ್ದು. ನಿಜವಾದ ಗ್ರಾಂಟ್ 37,000. ನಿಮ್ಮ ಪಾಲಿಗೆ 48,000. ಎರಡೂ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಬರೆದುಕೊಳ್ಳುವುದು ಒಂದೇ ಮಾತು: ಉದಾರ ಫೈನಾನ್ಷಿಯಲ್ ಏಡ್.

ಇಲ್ಲಿ ಇನ್ನೊಂದು ಗೊಂದಲ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀಡ್-ಬ್ಲೈಂಡ್ ಅನ್ನುವ ಪದ ಕೇಳಿರುತ್ತೀರಿ. ಪ್ರವೇಶ ಕೊಡುವಾಗ ನಿಮ್ಮ ಹತ್ತಿರ ದುಡ್ಡಿದೆಯೋ ಇಲ್ಲವೋ ನೋಡುವುದಿಲ್ಲ ಅಂತ ಅದರ ಅರ್ಥ, ಅಷ್ಟೇ. ಸೇರಿಸಿಕೊಂಡ ಮೇಲೆ ದುಡ್ಡು ಕೊಡುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಬಾಗಿಲು ತೆರೆದು ಒಳಗೆ ಕರೆದು ಊಟಕ್ಕೆ ಹಾಕದ ಮನೆಗಳೂ ಇವೆ. ನೀವು ಹುಡುಕಬೇಕಾದ ಮಾತು 'ಪೂರ್ತಿ ಅಗತ್ಯ ತುಂಬುತ್ತೇವೆ' ಅನ್ನುವುದು. ಅದರ ಮೇಲೆ 'ಸಾಲ ಇಲ್ಲದೆ' ಅಂತಲೂ ಇದ್ದರೆ ಇನ್ನೂ ಒಳ್ಳೆಯದು. 2001ರಲ್ಲಿ ಪ್ರಿನ್ಸ್‌ಟನ್ ತನ್ನ ಪ್ಯಾಕೇಜಿನಿಂದ ಸಾಲವನ್ನು ತೆಗೆದು ಆ ಜಾಗದಲ್ಲಿ ಗ್ರಾಂಟ್ ಇಟ್ಟಿತು. ಆಮೇಲೆ ಡೇವಿಡ್ಸನ್, ಆಮ್ಹರ್ಸ್ಟ್, ಬೌಡನ್ ಅದೇ ದಾರಿ ಹಿಡಿದವು. ವಿಲಿಯಮ್ಸ್ 2022ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ವರ್ಕ್-ಸ್ಟಡಿಯ ಕಡ್ಡಾಯವನ್ನೂ ತೆಗೆಯಿತು.

ಇಲ್ಲಿ ಕೂತವರಲ್ಲಿ ಎರಡು ಸಂಬಳದ ಮನೆಗಳು ಜಾಸ್ತಿ. 'ನಮಗೆ ಎಲ್ಲಿ ಸಿಗುತ್ತೆ ಬಿಡಿ' ಅಂತ ಅರ್ಜಿಯನ್ನೇ ಹಾಕದವರು ಇದ್ದಾರೆ. ದುಡುಕಬೇಡಿ. 2025-26ರಿಂದ ಹಾರ್ವರ್ಡ್ 2 ಲಕ್ಷ ಡಾಲರ್ ತನಕ ಆದಾಯ ಇರುವ ಮನೆಗಳಿಗೆ ಟ್ಯೂಷನ್ ಫೀಸ್ ಇಲ್ಲ ಎಂದಿದೆ. 1 ಲಕ್ಷದ ಒಳಗಿದ್ದರೆ ಊಟ ವಸತಿಯೂ ಸೇರಿ ಉಚಿತ. ಎಂಐಟಿ ಕೂಡ ಹೆಚ್ಚು ಕಡಿಮೆ ಇದೇ ಗೆರೆ ಎಳೆದಿದೆ. ಈ ಮಿತಿಗಳೆಲ್ಲ ಮಾಮೂಲಿ ಆಸ್ತಿ ಇರುವವರಿಗೆ, ಅದು ನೆನಪಿರಲಿ.

ಆಸ್ತಿ ಅಂದ ಕೂಡಲೇ ಕೆಲವರ ಮುಖ ನೋಡಿದೆ. ಹೌದು, ಊರಿನಲ್ಲಿರುವ ಸೈಟು ಕೂಡ ಲೆಕ್ಕಕ್ಕೆ ಬರುತ್ತದೆ. ನೀವು ವಾಸ ಮಾಡುವ ಮನೆಯನ್ನು ಫ್ಯಾಫ್ಸಾ ಕೇಳುವುದಿಲ್ಲ. 401ಕೆ ತರಹದ ನಿವೃತ್ತಿ ಖಾತೆಯಲ್ಲಿರುವ ದುಡ್ಡನ್ನೂ ಕೇಳುವುದಿಲ್ಲ. ಆದರೆ ಬೇರೆ ಜಾಗ, ಬಾಡಿಗೆ ಮನೆ, ಯಾವ ದೇಶದಲ್ಲಿದ್ದರೂ ಹೇಳಬೇಕು. ಸಿಎಸ್‌ಎಸ್ ಪ್ರೊಫೈಲ್ ಕೇಳುವ ಕಾಲೇಜುಗಳಲ್ಲಿ ಕೆಲವು ವಾಸದ ಮನೆಯ ಬೆಲೆಯನ್ನೂ ಎಣಿಸುತ್ತವೆ. ಹಾರ್ವರ್ಡ್, ಪ್ರಿನ್ಸ್‌ಟನ್ ಎಣಿಸುವುದಿಲ್ಲ. ನಿಮ್ಮ ಮನೆಯ ಬೆಲೆ ಏರಿದ ಊರಿನಲ್ಲಿದ್ದೀರಿ ಅಂದರೆ ಈ ಒಂದು ನಿಯಮದಿಂದಲೇ ವರ್ಷಕ್ಕೆ ಸಾವಿರಾರು ಡಾಲರ್ ಆಚೀಚೆ ಆಗಬಹುದು. ಇನ್ನೊಂದು ಸಣ್ಣ ವಿಷಯ. ಫ್ಯಾಫ್ಸಾ ಲೆಕ್ಕದಲ್ಲಿ ಮಗುವಿನ ಹೆಸರಿನಲ್ಲಿರುವ ಉಳಿತಾಯಕ್ಕೆ ನೂರಕ್ಕೆ 20 ಹಿಡಿಯುತ್ತಾರೆ, ನಿಮ್ಮ ಹೆಸರಿನದಕ್ಕೆ ಹೆಚ್ಚೆಂದರೆ 5.64. ಅಜ್ಜ ಮೊಮ್ಮಗಳ ಹೆಸರಿನಲ್ಲಿ ಖಾತೆ ತೆರೆದು ದುಡ್ಡು ಹಾಕುತ್ತೇನೆ ಅಂದರೆ ಖುಷಿ ಪಡಿ, ಆದರೆ ಈ ಲೆಕ್ಕ ಹೇಳಿ.

ಅಣ್ಣ ತಂಗಿ ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಮನೆ ಕೊಡಬೇಕಾದ ಮೊತ್ತವನ್ನು ಇಬ್ಬರಿಗೂ ಹಂಚುತ್ತಿದ್ದರು. ಫ್ಯಾಫ್ಸಾ 2024-25ರಿಂದ ಅದನ್ನು ನಿಲ್ಲಿಸಿತು. ಸಿಎಸ್‌ಎಸ್ ಬಳಸುವ ಹಲವು ಕಾಲೇಜುಗಳು ಈಗಲೂ ಆ ಸಂಗತಿ ಗಮನಿಸುತ್ತವೆ. ಅವಳಿ ಮಕ್ಕಳಿರುವವರು ಇದನ್ನು ಕಾಲೇಜಿಗೇ ಫೋನ್ ಮಾಡಿ ಕೇಳಿ.

ಸರಿ, ಇದನ್ನೆಲ್ಲ ಅರ್ಜಿ ಹಾಕುವ ಮೊದಲೇ ತಿಳಿಯುವುದು ಹೇಗೆ? ತಿಳಿಯಬಹುದು. ನನಗೆ ಇದು ಗೊತ್ತಾದ ದಿನ ಸಿಟ್ಟೂ ಬಂತು, ನಗುವೂ ಬಂತು. 2011ರಿಂದ, ಸರ್ಕಾರದ ಏಡ್ ಪಡೆಯುವ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಲೇಬೇಕು ಅಂತ ಕಾನೂನಿದೆ. ಕೆಲವರು ಅದನ್ನು ಐದಾರು ಕ್ಲಿಕ್ ಆಳದಲ್ಲಿ ಬಚ್ಚಿಟ್ಟಿರುತ್ತಾರೆ. ಹುಡುಕಿ. ಆದಾಯ ತೆರಿಗೆ ಪತ್ರ ಪಕ್ಕದಲ್ಲಿಟ್ಟುಕೊಂಡು ತುಂಬಿ. ಅಂದಾಜು ಬಿಲ್ ಬರುತ್ತದೆ. ಬರೀ ಐದು ಪ್ರಶ್ನೆ ಕೇಳಿ ಉತ್ತರ ಕೊಡುವ ಕ್ಯಾಲ್ಕುಲೇಟರನ್ನು ಜಾಸ್ತಿ ನಂಬಬೇಡಿ. ಆಸ್ತಿ, ಮನೆ, ಸೋದರರ ಬಗ್ಗೆಯೆಲ್ಲ ಕೇಳಿ ಸುಸ್ತು ಮಾಡುವುದು ಹೆಚ್ಚು ಸರಿಯಾಗಿ ಹೇಳುತ್ತದೆ. ಸ್ವಂತ ವ್ಯಾಪಾರ ಇರುವವರಿಗೆ, ವಿಚ್ಛೇದನ ಆದವರಿಗೆ ಅದು ತಪ್ಪಬಹುದು.

ಎರಡನೆಯ ಸಾಧನ ನನಗೆ ಇನ್ನೂ ಇಷ್ಟ. ಕಾಮನ್ ಡೇಟಾ ಸೆಟ್ ಅಂತ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯ ಪ್ರಶ್ನೆಗಳಿಗೆ ಉತ್ತರ ತುಂಬಿ ಹೊರಗೆ ಇಡುತ್ತವೆ. ಕಾಲೇಜಿನ ಹೆಸರು ಮತ್ತು ಕಾಮನ್ ಡೇಟಾ ಸೆಟ್ ಅಂತ ಗೂಗಲ್ ಮಾಡಿದರೆ ಸಾಕು. ಅದರಲ್ಲಿ ಎಚ್ ವಿಭಾಗ ಪೂರ್ತಿ ದುಡ್ಡಿನದು. ಎಚ್2 ಅನ್ನುವ ಕೋಷ್ಟಕದಲ್ಲಿ ಸಿ ಸಾಲು ನೋಡಿ: ಅಗತ್ಯ ಇದೆ ಅಂತ ಕಂಡುಬಂದ ಮಕ್ಕಳು ಎಷ್ಟು. ಎಚ್ ಸಾಲು: ಅವರಲ್ಲಿ ಅಗತ್ಯ ಪೂರ್ತಿ ತುಂಬಿದ್ದು ಎಷ್ಟು ಜನರಿಗೆ. ಐ ಸಾಲು: ಸರಾಸರಿ ನೂರಕ್ಕೆ ಎಷ್ಟು ತುಂಬಿದೆ. ಸಿ 400, ಎಚ್ 60 ಇದ್ದರೆ ಅರ್ಥ ಆಯಿತಲ್ವಾ? ಬಂಗಾರದ ಮುದ್ರೆ ಏನೇ ಹೇಳಲಿ, ಆ ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಕ್ಕವರು ಏಳರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಅದೇ ಕೋಷ್ಟಕದಲ್ಲಿ ಮೊದಲ ವರ್ಷದವರಿಗೆ ಒಂದು ಕಾಲಂ, ಎಲ್ಲ ವರ್ಷದವರನ್ನೂ ಸೇರಿಸಿ ಇನ್ನೊಂದು. ಮೊದಲನೆಯದರಲ್ಲಿ ಸರಾಸರಿ ಗ್ರಾಂಟ್ ಜಾಸ್ತಿ, ಎರಡನೆಯದರಲ್ಲಿ ತೀರಾ ಕಡಿಮೆ ಇದ್ದರೆ ಹುಷಾರು. ಮೊದಲ ವರ್ಷ ಕೈ ಬಿಚ್ಚಿ ಕೊಟ್ಟು ಆಮೇಲೆ ಬಿಗಿ ಹಿಡಿಯುವ ಅಭ್ಯಾಸ ಇರಬಹುದು. ಎಚ್2ಎ ಅನ್ನುವ ಭಾಗ ಮೆರಿಟ್‌ನದು. ಅಗತ್ಯ ಇಲ್ಲದ ಎಷ್ಟು ಮಕ್ಕಳಿಗೆ ಎಷ್ಟು ಕೊಟ್ಟರು ಅಂತ ಇರುತ್ತದೆ. ಆದಾಯ ಜಾಸ್ತಿ ಇರುವ ಮನೆಯವರು ನೋಡಬೇಕಾದ್ದು ಈ ಸಾಲು. ಎಚ್6 ವಿದೇಶಿ ವಿದ್ಯಾರ್ಥಿಗಳದು.

ಎಚ್6 ಅಂದಾಗ ಎಚ್-4 ಮಕ್ಕಳ, ಅಂದರೆ ಅಪ್ಪ ಅಮ್ಮನ ಎಚ್-1ಬಿ ಕೆಲಸದ ವೀಸಾ ಅವಲಂಬಿಸಿ ಇಲ್ಲಿರುವ ಮಕ್ಕಳ, ವಿಷಯ ಹೇಳಲೇಬೇಕು. ಇದು ನಮ್ಮಲ್ಲಿ ಹಲವರ ಮನೆಯ ನೋವು. ಎರಡನೇ ವಯಸ್ಸಿಗೆ ಇಲ್ಲಿ ಬಂದು, ಇಲ್ಲೇ ಓದಿ, ಕನ್ನಡವನ್ನೂ ಇಲ್ಲಿನ ಧಾಟಿಯಲ್ಲೇ ಮಾತಾಡುವ ಮಗು ಕಾಲೇಜಿನ ಏಡ್ ಕಚೇರಿಯಲ್ಲಿ ವಿದೇಶಿ. ಫ್ಯಾಫ್ಸಾದ ದುಡ್ಡು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ. ಎಚ್-4 ಅದರಲ್ಲಿ ಇಲ್ಲ. ಆದರೆ ಫ್ಯಾಫ್ಸಾ ನೋಡುವುದು ಮಗುವಿನ ಸ್ಥಿತಿ. ನೀವು ಎಚ್-1ಬಿ ಮೇಲಿದ್ದರೂ ಮಗು ಇಲ್ಲೇ ಹುಟ್ಟಿದ್ದರೆ ಧಾರಾಳವಾಗಿ ಅರ್ಜಿ ಹಾಕಿ. ಇದು ಗೊತ್ತಿಲ್ಲದೆ ಬಿಟ್ಟವರನ್ನು ನಾನು ಬಲ್ಲೆ.

ಎಚ್-4 ಮಗುವಿಗೆ ಉಳಿಯುವುದು ಕಾಲೇಜಿನ ಸ್ವಂತ ದುಡ್ಡು. ವಿದೇಶಿ ವಿದ್ಯಾರ್ಥಿಗಳ ಆದಾಯವನ್ನೂ ನೋಡದೆ ಪ್ರವೇಶ ಕೊಟ್ಟು, ಪೂರ್ತಿ ಅಗತ್ಯವನ್ನೂ ತುಂಬುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಬಹಳ ಕಾಲದಿಂದ ಇವೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೌಡನ್ ಸೇರಿದವು. ಉಳಿದ ಕಡೆ ದುಡ್ಡು ಕೇಳಿದರೆ ಪ್ರವೇಶ ಸಿಗುವ ಸಾಧ್ಯತೆ ಕಡಿಮೆ ಆಗಬಹುದು. ಹಾಗಂತ ಕೇಳದೆ ಸೇರಿ ಆಮೇಲೆ ಕೇಳೋಣ ಅನ್ನಬೇಡಿ. ಮೊದಲ ವರ್ಷ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲೂ ಕೊಡುವುದಿಲ್ಲ ಅನ್ನುವ ಕಾಲೇಜುಗಳಿವೆ. ಎಚ್-4 ಮಕ್ಕಳಿಗೆ ಹಲವು ರಾಜ್ಯಗಳಲ್ಲಿ ರಾಜ್ಯದೊಳಗಿನವರ ಫೀಸ್ ಸಿಗುತ್ತದೆ. ಬಹಳ ಮನೆಗಳಿಗೆ ಅದೇ ದೊಡ್ಡ ಏಡ್.

ಈಗ ಒಂದು ಕಹಿ ಮಾತು. ಹಾರ್ವರ್ಡ್, ಎಂಐಟಿಗಳಲ್ಲಿ ನೂರು ಅರ್ಜಿಗೆ ಸೀಟು ಸಿಗುವುದು ನಾಲ್ಕೈದು ಜನರಿಗೆ. ಅವರ ಏಡ್ ನೀತಿ ಎಷ್ಟೇ ಚೆನ್ನಾಗಿದ್ದರೂ ಒಳಗೆ ಹೋಗದವರಿಗೆ ಅದರಿಂದ ಏನೂ ಇಲ್ಲ. ಹಾಗಾದರೆ ನಾವು ಎಲ್ಲಿ ಹುಡುಕಬೇಕು? ನಮ್ಮವರು ನೋಡದ ಕಡೆ. ಅಯೋವಾದ ಗ್ರಿನ್ನೆಲ್, ಮಿನೆಸೋಟಾದ ಮಕಾಲೆಸ್ಟರ್, ಉತ್ತರ ಕ್ಯಾರೊಲಿನಾದ ಡೇವಿಡ್ಸನ್. ಸಣ್ಣ ಕಾಲೇಜುಗಳು, ಪೂರ್ತಿ ಅಗತ್ಯ ತುಂಬುವಂಥವು. ಅವೂ ಸುಲಭ ಅಲ್ಲ, ಆದರೆ ನೂರಕ್ಕೆ ನಾಲ್ಕರಷ್ಟು ಕಷ್ಟವೂ ಅಲ್ಲ. 'ಗ್ರಿನ್ನೆಲ್ ಅಂದರೆ ಊರಲ್ಲಿ ಯಾರಿಗೆ ಗೊತ್ತು?' ಅಂತ ನನ್ನ ತಮ್ಮನೇ ಕೇಳಿದ. ಊರಿನವರು ಫೀಸ್ ಕಟ್ಟುವುದಾದರೆ ಅವರಿಗೆ ಗೊತ್ತಿರುವ ಕಾಲೇಜಿಗೇ ಸೇರಿಸೋಣ ಅಂದೆ.

ಸರ್ಕಾರಿ ಯೂನಿವರ್ಸಿಟಿಗಳ ವಿಷಯದಲ್ಲಿ ರಾಜ್ಯದ ಗಡಿ ದಾಟಿದರೆ ಎಲ್ಲ ಬದಲಾಗುತ್ತದೆ. ವರ್ಜೀನಿಯಾ ಯೂನಿವರ್ಸಿಟಿ, ಚಾಪೆಲ್ ಹಿಲ್‌ನ ಉತ್ತರ ಕ್ಯಾರೊಲಿನಾ ಯೂನಿವರ್ಸಿಟಿ ಹೊರರಾಜ್ಯದ ಮಕ್ಕಳ ಅಗತ್ಯವನ್ನೂ ಪೂರ್ತಿ ತುಂಬುತ್ತೇವೆ ಅನ್ನುತ್ತವೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್ಸುಗಳಿಗೆ ಹೊರರಾಜ್ಯದಿಂದ ಹೋದರೆ ಅಂಥ ನೆರವು ನಿರೀಕ್ಷಿಸಬೇಡಿ.

ಅಗತ್ಯದ ಲೆಕ್ಕದಲ್ಲಿ ಏನೂ ಸಿಗದ, ಆದರೆ 80,000 ಕೊಡಲೂ ಆಗದ ಮನೆಗಳಿಗೆ ಮೆರಿಟ್ ದಾರಿ. ಇಲ್ಲಿ ತಂತ್ರ ಉಲ್ಟಾ. ಮಗು ಕಷ್ಟಪಟ್ಟು ಒಳಗೆ ನುಸುಳುವ ಕಾಲೇಜಿನಲ್ಲಿ ಮೆರಿಟ್ ಸಿಗುವುದಿಲ್ಲ. ಮಗುವಿನ ಅಂಕ ಉಳಿದವರಿಗಿಂತ ಮೇಲಿರುವ ಕಾಲೇಜಿನಲ್ಲಿ ಸಿಗುತ್ತದೆ. ಅಲಬಾಮಾ ಯೂನಿವರ್ಸಿಟಿ ಇಂಥ ಅಂಕಕ್ಕೆ ಇಂಥ ಮೊತ್ತ ಅಂತ ಮುಂಚೆಯೇ ಪಟ್ಟಿ ಹಾಕುತ್ತದೆ, ಹೊರರಾಜ್ಯದವರಿಗೂ. ನ್ಯಾಷನಲ್ ಮೆರಿಟ್ ಅನ್ನುವ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಫೈನಲಿಸ್ಟ್ ಆದರೆ ಅಲ್ಲೂ, ಡಾಲಸ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲೂ ದೊಡ್ಡ ಪ್ಯಾಕೇಜು. ಅದಕ್ಕೆ ಆಧಾರ 11ನೇ ತರಗತಿಯಲ್ಲಿ ಬರೆಯುವ ಪರೀಕ್ಷೆ, ಪಿಎಸ್‌ಎಟಿ. ಮೆರಿಟ್ ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಮುಂದಿನ ವರ್ಷವೂ ಸಿಗಬೇಕಾದರೆ ಜಿಪಿಎ, ಅಂದರೆ ನಾಲ್ಕರ ಲೆಕ್ಕದ ಅಂಕದ ಸರಾಸರಿ, ಎಷ್ಟಿರಬೇಕು? 3.0 ಅಂದರೆ ಪರವಾಗಿಲ್ಲ. 3.5 ಅಂದರೆ, ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಮಗು ನಿದ್ದೆ ಬಿಡುತ್ತದೆ.

ಒಂದು ಕಾಲೇಜಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಿಮ್ಮ ಮಕ್ಕಳಿಗೆ ಬಹುಶಃ ಉಪಯೋಗ ಇಲ್ಲ. ಆದರೂ ಕೇಳಿ. ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. 1855ರಲ್ಲಿ, ಗುಲಾಮಗಿರಿ ಇನ್ನೂ ಇದ್ದಾಗ, ಅದನ್ನು ವಿರೋಧಿಸಿದ ಜಾನ್ ಫೀ ಅನ್ನುವ ಪಾದ್ರಿ ಶುರು ಮಾಡಿದ್ದು. 1892ರಿಂದ ಅಲ್ಲಿ ಯಾರಿಂದಲೂ ಟ್ಯೂಷನ್ ಫೀಸ್ ತಗೊಂಡಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡಬೇಕು. ತೋಟ, ಕಚೇರಿ, ಪೊರಕೆ ಕಟ್ಟುವುದು, ಮಗ್ಗ. ಆದಾಯ ಜಾಸ್ತಿ ಇರುವ ಮನೆಯ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ದುಡ್ಡಿದೆ ಅನ್ನುವ ಕಾರಣಕ್ಕೆ ಬಾಗಿಲು ಹಾಕುವ ಕಾಲೇಜು! ನನಗಂತೂ ಅದನ್ನು ಓದಿದ ದಿನ ಬಹಳ ಖುಷಿಯಾಯಿತು.

ಕೊನೆಗೆ ಪತ್ರಗಳು ಬಂದಾಗ. ಅಮೆರಿಕದ ಸರ್ಕಾರದ ಲೆಕ್ಕ ಪರಿಶೋಧನಾ ಕಚೇರಿ 2022ರಲ್ಲಿ ಕಾಲೇಜುಗಳ ಏಡ್ ಪತ್ರಗಳನ್ನು ತರಿಸಿ ನೋಡಿತು. ಅದರ ಅಂದಾಜಿನಂತೆ ನೂರಕ್ಕೆ 91 ಕಾಲೇಜುಗಳು ನೆಟ್ ಪ್ರೈಸ್ ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ. ಹಾಗಾಗಿ ನೀವೇ ಲೆಕ್ಕ ಹಾಕಿ. ಟ್ಯೂಷನ್, ಊಟ, ವಸತಿ, ಪುಸ್ತಕ, ಓಡಾಟ, ಇನ್ಶೂರೆನ್ಸ್ ಎಲ್ಲ ಕೂಡಿ. ಅದರಿಂದ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಸಾಲವನ್ನು ಕಳೆಯಬೇಡಿ, ಅದು ಮುಂದಕ್ಕೆ ಹಾಕಿದ ಬಿಲ್ಲು. ಉತ್ತರ ನಾಲ್ಕರಿಂದ ಗುಣಿಸಿ. ಬೆಲೆ ವರ್ಷ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಅಷ್ಟೇ ಇರುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಪತ್ರ ಬಂದ ಮೇಲೂ ಮಾತಾಡಬಹುದು. ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಊರಿನ ಅಪ್ಪ ಅಮ್ಮನ ಖರ್ಚು ನಿಮ್ಮ ಮೇಲಿದ್ದರೆ ಏಡ್ ಕಚೇರಿಗೆ ಕಾಗದಪತ್ರ ಸಮೇತ ಬರೆಯಿರಿ. ಫ್ಯಾಫ್ಸಾ ನೋಡುವುದು ಎರಡು ವರ್ಷ ಹಳೆಯ ಆದಾಯ. ನಿಮ್ಮ ಇವತ್ತಿನ ಕಥೆ ಅದಕ್ಕೆ ಗೊತ್ತಿರುವುದಿಲ್ಲ. ನಮಗೆ ಕೇಳಲು ಸಂಕೋಚ. ಮಗನ ಸಲ ನಾನು ಸಂಕೋಚ ಬಿಟ್ಟು ಬರೆದೆ, ವರ್ಷಕ್ಕೆ 4,000 ಜಾಸ್ತಿ ಸಿಕ್ಕಿತು. ಒಂದು ಪುಟದ ಪತ್ರಕ್ಕೆ!

ಪ್ರಶ್ನೆಗಳಿಗೆ ಸಮಯ ಇತ್ತು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಅರ್ಲಿ ಡಿಸಿಷನ್, ಅಂದರೆ ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿಯ ಬಗ್ಗೆ ಕೇಳಿದರು. ಅದರಲ್ಲಿ ಸಿಕ್ಕರೆ ಸೇರಲೇಬೇಕು, ಬೇರೆ ಕಾಲೇಜಿನ ಪತ್ರದ ಜೊತೆ ಹೋಲಿಸಲು ಆಗುವುದಿಲ್ಲ. ಏಡ್ ಸಾಲದು ಅಂತ ತೋರಿಸಿದರೆ ಬಿಡುಗಡೆ ಸಿಗುತ್ತದೆ. ಹಾಗಾಗಿ ನನ್ನ ಉತ್ತರ ಇದು: ಕ್ಯಾಲ್ಕುಲೇಟರ್ ಕೊಟ್ಟ ಮೊತ್ತವನ್ನು ಕಟ್ಟಲು ನೀವು ಇವತ್ತೇ ತಯಾರಿದ್ದರೆ ಹಾಕಿ. ಎಲ್ಲಿ ಜಾಸ್ತಿ ಕೊಡುತ್ತಾರೋ ನೋಡೋಣ ಅನ್ನುವವರು ಹಾಕಬೇಡಿ.

ಆಮೇಲೆ ಒಬ್ಬ ಹುಡುಗ ಎದ್ದು ನಿಂತ. ಹನ್ನೊಂದನೇ ತರಗತಿ ಇರಬೇಕು. 'ಆಂಟಿ, ಕ್ಯಾಲ್ಕುಲೇಟರಲ್ಲಿ ಇನ್‌ಕಮ್ ಕೇಳುತ್ತೆ. ನಮ್ಮಪ್ಪ ಎಷ್ಟು ಅಂತ ಹೇಳೋದೇ ಇಲ್ಲ. ಏನು ಹಾಕಲಿ?'

ಸಭೆಯೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ತಗ್ಗಿಸಿದ್ದು ನೋಡಿ ಯಾರು ಅಂತ ಗೊತ್ತಾಯಿತು. 'ಸರ್,' ಅಂದೆ, 'ಇವತ್ತು ರಾತ್ರಿ ಊಟ ಆದ ಮೇಲೆ ತೆರಿಗೆ ಪತ್ರ ಮೇಜಿನ ಮೇಲೆ ಇಟ್ಟು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೀರಾ?'

ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಮಗನ ಕಡೆ ನೋಡಿ ಕೇಳಿದರು, 'ಯಾರಿಗೂ ಹೇಳಲ್ಲ ತಾನೇ?'